ಎಷ್ಟು ತಿಂದರೂ ಮೈಗೆ ಹತ್ತದ ನಾಯಿ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಜರ್ಮನ್ ಶೆಫರ್ಡ್ ಸಾಕುವವರು ಬಹಳ ಜನ. ಈ ತಳಿಯಲ್ಲೇ ಜಾಸ್ತಿ ಕಾಣುವ ಒಂದು ಕಾಯಿಲೆ ಇದೆ. ಒಂದೆರಡು ವರ್ಷದ ನಾಯಿ ತಟ್ಟೆ ನೆಕ್ಕಿ ಖಾಲಿ ಮಾಡುತ್ತದೆ, ಇನ್ನೂ ಬೇಕು ಅಂತ ಕಾಲು ಸುತ್ತುತ್ತದೆ. ಆದರೂ ದಿನೇ ದಿನೇ ಸೊರಗುತ್ತದೆ, ಪಕ್ಕೆಲುಬು ಎದ್ದು ಕಾಣುತ್ತದೆ. ‘ಜಂತುಹುಳ ಇರ್ಬೇಕು’ ಅಂತ ಮಾತ್ರೆ ಹಾಕುತ್ತಾರೆ. ಗುಣ ಕಾಣದಿದ್ದರೆ ಮತ್ತೆ ಅದೇ ಮಾತ್ರೆ.

ಮಾತ್ರೆ ಹಾಕುವುದು ತಪ್ಪಲ್ಲ. ಆದರೆ ಮೂಗು ಮುಚ್ಚಿಕೊಂಡಾದರೂ ಮಲವನ್ನೊಮ್ಮೆ ಸರಿಯಾಗಿ ನೋಡಿ. ರಾಶಿ ರಾಶಿ ಇರುತ್ತದೆ. ಬಣ್ಣ ಮಾಸಲು ಹಳದಿ, ಮೇಲೆ ಜಿಡ್ಡು. ನಾಯಿ ಪಕ್ಕದಲ್ಲಿ ಕೂತರೆ ಹೊಟ್ಟೆಯ ಗುಳುಗುಳು ಕೇಳಿಸುತ್ತದೆ. ಕೆಲವು ನಾಯಿಗಳು ತಮ್ಮ ಮಲವನ್ನೇ ತಿನ್ನುತ್ತವೆ. ಬೈದು ಪ್ರಯೋಜನವಿಲ್ಲ, ಅವಕ್ಕೆ ನಿಜವಾಗಿಯೂ ಹಸಿವು.

ಹೀಗಿದ್ದರೆ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಮೇಲೆ ಅನುಮಾನ ಪಡಬೇಕು. ಕೊಬ್ಬು, ಪ್ರೋಟೀನು, ಪಿಷ್ಟ ಮೂರನ್ನೂ ಒಡೆಯುವ ಕಿಣ್ವಗಳು ಇಲ್ಲಿಂದ ಕರುಳಿಗೆ ಇಳಿಯುತ್ತವೆ. ಕೊಬ್ಬು ಕರಗಲು ಈ ಗ್ರಂಥಿಯ ರಸ ಬೇಕು ಅಂತ ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ 1840ರ ದಶಕದಲ್ಲೇ ತೋರಿಸಿದ್ದರು. ಜರ್ಮನ್ ಶೆಫರ್ಡ್‌ಗಳಲ್ಲಿ ಕಿಣ್ವ ಮಾಡುವ ಜೀವಕೋಶಗಳು ಚಿಕ್ಕ ವಯಸ್ಸಿನಲ್ಲೇ ನಾಶವಾಗುವುದುಂಟು. ಗ್ರಂಥಿಗೆ ಶಕ್ತಿ ಎಷ್ಟು ಮಿಗುತೆ ಇರುತ್ತದೆ ಅಂದರೆ, ಶೇಕಡಾ 85–90ರಷ್ಟು ಕೆಟ್ಟ ಮೇಲೆಯೇ ಲಕ್ಷಣ ಹೊರಗೆ ಕಾಣುವುದು. ಇನ್ಸುಲಿನ್ ಮಾಡುವ ಕೋಶಗಳು ಸಾಮಾನ್ಯವಾಗಿ ಉಳಿದಿರುತ್ತವೆ, ಹಾಗಾಗಿ ಸಕ್ಕರೆ ಕಾಯಿಲೆ ಜೊತೆಗೇ ಬರಬೇಕೆಂದಿಲ್ಲ.

ಊಹೆ ಮೇಲೆ ಔಷಧಿ ಶುರು ಮಾಡಬೇಡಿ. ಈ ಗ್ರಂಥಿ ಕಿಣ್ವ ಮಾಡುತ್ತಿದೆಯೇ ಅಂತ ತಿಳಿಸುವ ಟಿಎಲ್‌ಐ ಅನ್ನುವ ರಕ್ತಪರೀಕ್ಷೆ ಇದೆ. ರಾತ್ರಿಯಿಡೀ ಉಪವಾಸ ಇಟ್ಟು ಬೆಳಿಗ್ಗೆ ರಕ್ತ ತೆಗೆಸಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಈ ಭಾಗದವರು ಅಲ್ಲಿಗೆ ಹೋಗಿ ವಿಚಾರಿಸಬಹುದು. ವಿಟಮಿನ್ ಬಿ12 ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಬಿ12 ಹೀರಲು ಬೇಕಾದ ಒಂದು ಪ್ರೋಟೀನು ನಾಯಿಗಳಲ್ಲಿ ಹೆಚ್ಚಾಗಿ ಇದೇ ಗ್ರಂಥಿಯಿಂದ ಬರುತ್ತದೆ. ಬಿ12 ಕಡಿಮೆ ಇದ್ದರೆ ಉಳಿದದ್ದೆಲ್ಲ ಸರಿ ಮಾಡಿದರೂ ನಾಯಿ ಚೇತರಿಸಿಕೊಳ್ಳುವುದು ಕಷ್ಟ.

ಚಿಕಿತ್ಸೆ ಕೇಳಲು ಸುಲಭ: ಒಡಲು ಮಾಡದ ಕಿಣ್ವವನ್ನು ನಾವು ಊಟದಲ್ಲಿ ಬೆರೆಸಿ ಕೊಡುವುದು. ಅಳತೆ ಡಾಕ್ಟರು ಹೇಳುತ್ತಾರೆ. ಎಡವಟ್ಟಾಗುವುದು ಅಡುಗೆಮನೆಯಲ್ಲಿ. ಮಳೆಗಾಲದ ಚಳಿಗೆ ನಾಯಿಗೂ ಬಿಸಿಬಿಸಿ ಅನ್ನ ಹಾಕುವುದು ಮಲೆನಾಡಿನವರ ಪ್ರೀತಿ, ಅಲ್ವಾ? ಹಬೆಯಾಡುವ ಅನ್ನಕ್ಕೆ ಕಿಣ್ವದ ಪುಡಿ ಸುರಿದರೆ ದುಡ್ಡು ನೀರಿಗೆ ಹಾಕಿದಂತೆ, ಬಿಸಿಗೆ ಕಿಣ್ವ ಸತ್ತುಹೋಗುತ್ತದೆ. ಅನ್ನ ಪೂರ್ತಿ ಆರಲಿ. ಬೇಯಿಸಿದ ಕೋಳಿ ಬಿಡಿಸಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಪುಡಿ ಪ್ರತಿ ಅಗುಳಿಗೂ ತಾಗುವಂತೆ ಕಲಸಿ. ಒಣ ಪುಡಿ ಬಾಯಿಗೆ ಅಂಟಿಕೊಂಡರೆ ಕೆಲವು ನಾಯಿಗಳಿಗೆ ಬಾಯಿ ಹುಣ್ಣಾಗುತ್ತದೆ, ಒಸಡಿನಲ್ಲಿ ರಕ್ತ ಬರುತ್ತದೆ.

ಪುಡಿಯ ಬದಲು ಮಾಂಸಕ್ಕೆ ಕಡಿದ ಪ್ರಾಣಿಯ ಹಸಿ ಮೇದೋಜೀರಕ ಗ್ರಂಥಿಯನ್ನೇ ಕೊಚ್ಚಿ ಕೊಡುವ ಕ್ರಮವೂ ಇದೆ. ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಶಕ್ತಿ ಉಳಿಯುತ್ತದೆ, ಬೇಯಿಸಿದರೆ ಹೋಯಿತು. ಆದರೆ ಹಸಿ ಮಾಂಸದ ಜೊತೆ ರೋಗಾಣುಗಳೂ ಬರುತ್ತವೆ, ಡಾಕ್ಟರನ್ನು ಕೇಳದೆ ಈ ದಾರಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ಊಟವನ್ನು ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಂಚಿ ಹಾಕಿ. ರಾಗಿ ಮುದ್ದೆ ನಮಗೆ ಒಳ್ಳೆಯದು, ಈ ನಾಯಿಗಲ್ಲ. ನಾರು ಜಾಸ್ತಿಯಾದರೆ ಜೀರ್ಣಕ್ಕೆ ಅಡ್ಡಿ. ಕೊಬ್ಬನ್ನು ಪೂರ್ತಿ ನಿಲ್ಲಿಸಬೇಕು ಅನ್ನುವ ಹಳೆಯ ಸಲಹೆ ಈಗ ಸಡಿಲವಾಗಿದೆ. ನನ್ನ ಪ್ರಕಾರ ದೊಡ್ಡ ತಲೆನೋವು ಮನೆಯವರೇ. ಚಹಾದ ಜೊತೆ ಒಂದು ಬಿಸ್ಕತ್ತು, ನೆಂಟರು ಬಂದಾಗ ಒಂದು ಮೂಳೆ. ಕಿಣ್ವ ಬೆರೆಸದೆ ಹೊಟ್ಟೆಗೆ ಹೋದದ್ದು ಹಾಗೇ ಕೆಳಗೆ ಇಳಿಯುತ್ತದೆ. ತೋಟದಲ್ಲಿ ಬಿದ್ದ ಹಲಸಿನ ತೊಳೆಯೂ ಅಷ್ಟೇ.

ಔಷಧಿ ಜೀವಮಾನಪೂರ್ತಿ ಬೇಕು. ಸರಿಯಾಗಿ ಕೊಟ್ಟರೆ ಎಷ್ಟೋ ನಾಯಿಗಳಲ್ಲಿ ಕೆಲವೇ ದಿನಕ್ಕೆ ಮಲ ಗಟ್ಟಿಯಾಗುತ್ತದೆ, ಆಮೇಲೆ ನಿಧಾನಕ್ಕೆ ತೂಕ ಏರುತ್ತದೆ. ನಾಯಿ ಮೈಕೈ ತುಂಬಿಕೊಂಡ ಮೇಲೆ ‘ಇದರದ್ದೊಂದು ಮರಿ ಕೊಡಿ’ ಅಂತ ಕೇಳುವವರು ಬಂದೇ ಬರುತ್ತಾರೆ. ಈ ಕಾಯಿಲೆ ವಂಶದಲ್ಲಿ ಹರಿಯುತ್ತದೆ, ಮರಿ ಮಾಡಿಸಬೇಡಿ.