ಚೀನಿಕಾಯಿ ಮಫಿನ್ ಒಳಗೆ ಯಾಕೆ ಹಸಿ ಉಳಿಯುತ್ತದೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಕಳಿಸಿದ ಅಳತೆ ಹಿಡಿದೇ ಚೀನಿಕಾಯಿ (ಸಿಹಿಗುಂಬಳ) ಮಫಿನ್ ಮಾಡುತ್ತೇನೆ. ಮೇಲೆ ಚೆನ್ನಾಗಿ ಕೆಂಪಾಗುತ್ತದೆ, ಮುರಿದರೆ ಒಳಗೆ ಹಸಿ ಹಸಿ, ಅಂಟು ಅಂಟು. ಇನ್ನೂ ಹತ್ತು ನಿಮಿಷ ಇಟ್ಟರೂ ಅಷ್ಟೇ. ಓವನ್ ಸರಿ ಇಲ್ಲವಾ, ಅಥವಾ ನಮ್ಮ ಊರಿನ ಚೀನಿಕಾಯಿ ಇದಕ್ಕೆ ಆಗುವುದಿಲ್ಲವಾ? (ಬದಿಯಡ್ಕದಿಂದ ಒಬ್ಬ ಓದುಗರು)

ಓವನ್ ಸರಿಯಾಗಿಯೇ ಇರಬಹುದು. ಚೀನಿಕಾಯಿಯೂ ಧಾರಾಳ ಆಗುತ್ತದೆ. ತೊಂದರೆ ಇರುವುದು ನೀರಿನದ್ದು.

ಮೊದಲು ಚೀನಿಕಾಯಿಯ ಮೇಲಿನ ಅನುಮಾನ ಬಿಡಿಸೋಣ. ಆ ಕಡೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಎಲೆ ಉದುರುವ ಕಾಲ. ಬಳ್ಳಿಯಲ್ಲೇ ಬಲಿತು ಸಿಪ್ಪೆ ಗಟ್ಟಿಯಾದ ಕುಂಬಳಗಳನ್ನು ಆಗ ಕೊಯ್ದು ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ, ಅದಕ್ಕೇ ಅವುಗಳಿಗೆ ವಿಂಟರ್ ಸ್ಕ್ವಾಶ್ ಎಂಬ ಹೆಸರು. ನಾವು ಬಣ್ಣದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ನೇತು ಹಾಕುವುದು ಯಾಕೋ ಅವರು ಮಾಡುವುದೂ ಅದಕ್ಕೇ. ಅವರ ಬಟರ್‌ನಟ್, ಅಲ್ಲಿಯ ಟಿನ್ನಿನಲ್ಲಿ ಬರುವ ಡಿಕಿನ್ಸನ್ ಎಂಬ ಕುಂಬಳ, ನಮ್ಮ ತರಕಾರಿ ಅಂಗಡಿಯಲ್ಲಿ ಮತ್ತನ್ ಎಂದು ಕೇಳಿದರೆ ಕೊಡುವ ಕಾಯಿ, ಇವೆಲ್ಲ ಸಾಮಾನ್ಯವಾಗಿ ಕುಕರ್ಬಿಟಾ ಮೊಸ್ಕಾಟಾ ಎಂಬ ಒಂದೇ ಜಾತಿಗೆ ಸೇರಿದವು. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ತಳಿ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಕೂಡ ಇದೇ. ಹಾಗಾಗಿ ಬಟರ್‌ನಟ್ ಹುಡುಕಿಕೊಂಡು ಮಂಗಳೂರಿನ ಮಾಲ್‌ಗೆ ಹೋಗಬೇಕಾಗಿಲ್ಲ. ಬೂದುಗುಂಬಳ ಮಾತ್ರ ಬೇಡ, ಅದು ಬೇರೆಯೇ ಗಿಡ, ಅದರಲ್ಲಿ ನೀರು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ನೀರಿನ ವಿಷಯ. ಮಗಳು ಬರೆದ 'ಒಂದು ಕಪ್ ಪ್ಯೂರಿ', ಅಂದರೆ ಬೇಯಿಸಿ ಅರೆದ ತಿರುಳು, ಟಿನ್ ಒಡೆದು ತೆಗೆಯುವಂಥದ್ದು. ಅದು ಎಷ್ಟು ಗಟ್ಟಿ ಎಂದರೆ ಚಮಚ ಚುಚ್ಚಿದರೆ ನಿಂತೇ ಇರುತ್ತದೆ. ನಾವು ಮಾಡುವುದು ಏನು? ಹೋಳುಗಳನ್ನು ಕುಕ್ಕರಿಗೆ ಹಾಕಿ, ತಳ ಹಿಡಿಯದಿರಲಿ ಅಂತ ಒಂದು ಲೋಟ ನೀರು ಹೊಯ್ದು, ಎರಡು ಸೀಟಿ ಕೂಗಿಸಿ, ಆ ನೀರಿನ ಸಮೇತ ಮಿಕ್ಸಿಗೆ. ಹಸಿ ಚೀನಿಕಾಯಿಯ ತೂಕದಲ್ಲೇ ನೂರಕ್ಕೆ ಹೆಚ್ಚುಕಡಿಮೆ 90 ಭಾಗ ನೀರು ಇರುತ್ತದೆ, ಬಟರ್‌ನಟ್‌ನಲ್ಲಿ 86ರ ಆಸುಪಾಸು. ಅದರ ಮೇಲೆ ನಮ್ಮ ಲೋಟದ್ದು ಬೇರೆ. ಕಪ್ಪು ಒಂದೇ, ಒಳಗೆ ಇರುವುದು ಒಂದೇ ಅಲ್ಲ.

ಸೌತೆಕಾಯಿ ಕೊಟ್ಟಿಗೆ ಎಂಬ ಕಡುಬಿಗೆ ಅಕ್ಕಿ ಕಡೆಯುವಾಗ ಯಾರಾದರೂ ನೀರು ಹಾಕುತ್ತಾರಾ? ಹಾಕುವುದಿಲ್ಲ, ತುರಿದ ಸೌತೆ ತಾನೇ ಬಿಡುವ ನೀರನ್ನು ಲೆಕ್ಕಕ್ಕೆ ಹಿಡಿದೇ ಅಕ್ಕಿ ಎಷ್ಟು, ತುರಿ ಎಷ್ಟು ಅಂತ ಕೈಗೆ ಗೊತ್ತಿರುತ್ತದೆ. ಮಫಿನ್‌ಗೂ ಅದೇ ಲೆಕ್ಕ. ಚೀನಿಕಾಯಿಯನ್ನು ಇಲ್ಲಿ ತರಕಾರಿ ಅಂತ ನೋಡಬೇಡಿ, ಹಿಟ್ಟಿಗೆ ಹಾಕುವ ನೀರು ಅಂತಲೇ ನೋಡಿ.

ಓವನ್ ಒಳಗೆ ನಡೆಯುವುದು ಹೀಗೆ. ಮೈದಾದ ಪಿಷ್ಟ ಬಿಸಿಯಾಗುತ್ತಾ ನೀರು ಕುಡಿದು ಉಬ್ಬುತ್ತದೆ, ಮೊಟ್ಟೆ ಗಟ್ಟಿಯಾಗುತ್ತದೆ, ಸೋಡಾದಿಂದ ಬಂದ ಗಾಳಿಗುಳ್ಳೆಗಳ ಸುತ್ತ ಇವೆರಡೂ ಸೇರಿ ಗೋಡೆ ಕಟ್ಟುತ್ತವೆ. ಪಿಷ್ಟ ಕುಡಿದು ಮಿಕ್ಕ ನೀರು ಎಲ್ಲಿಗೆ ಹೋಗಬೇಕು? ಹೊರಗಿನ ಪದರದ್ದು ಆವಿಯಾಗಿ ಹೋಗುತ್ತದೆ, ಅಲ್ಲಿ ಕೆಂಪು ಬಣ್ಣ ಬರುತ್ತದೆ. ನಡುವಿನದ್ದಕ್ಕೆ ದಾರಿಯಿಲ್ಲ. ನೀರು ಇರುವಷ್ಟು ಹೊತ್ತು ನಡುಭಾಗದ ಬಿಸಿ 100 ಡಿಗ್ರಿ ದಾಟುವುದೂ ಇಲ್ಲ. ನೀವು ಹತ್ತು ನಿಮಿಷ ಹೆಚ್ಚು ಇಟ್ಟರೆ ಹೊರಗಿನ ಸಿಪ್ಪೆ ಇನ್ನಷ್ಟು ಒಣಗುತ್ತದೆ ಅಷ್ಟೇ, ಒಳಗಿನ ಅಂಟು ಹಾಗೇ ಕೂತಿರುತ್ತದೆ.

ಹಾಗಾದರೆ ಎರಡು ಚಮಚ ಮೈದಾ ಜಾಸ್ತಿ ಹಾಕಿದರೆ? ತುಂಬ ಜನ ಹೇಳುವ ಉಪಾಯ ಇದು, ನನಗೆ ಮಾತ್ರ ಒಂಚೂರೂ ಇಷ್ಟವಿಲ್ಲ. ಸಿಹಿ ಕಡಿಮೆಯಾಗುತ್ತದೆ, ಮಸಾಲೆ ಸಪ್ಪೆಯಾಗುತ್ತದೆ, ಜಾಸ್ತಿ ಹಾಕಿದ್ದನ್ನು ಬೆರೆಸಲು ಮತ್ತಷ್ಟು ತಿರುವಬೇಕು, ತಿರುವಿದಷ್ಟೂ ಮೈದಾ ಜಿಗುಟುಗಟ್ಟಿ ಮಫಿನ್ ರಬ್ಬರಾಗುತ್ತದೆ. ನೀರನ್ನು ಹಿಟ್ಟಿಗೆ ಸೇರುವ ಮೊದಲೇ ಓಡಿಸುವುದು ಸುಲಭ.

ಕಾಯಿ ಆರಿಸುವಾಗಲೇ ಅರ್ಧ ಕೆಲಸ ಆಗಬೇಕು. ಪಲ್ಯಕ್ಕೆ, ಓಲನ್‌ಗೆ ಬಳಸುವ ಎಳೆಯದು ಬೇಡವೇ ಬೇಡ. ಇಡಿಯ ಕಾಯಿ ಸಿಕ್ಕಿದರೆ ತೊಟ್ಟು ಒಣಗಿ ಕಟ್ಟಿಗೆಯಾಗಿರಬೇಕು, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕೊಯ್ದಿಟ್ಟ ತುಂಡು. ಅದನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಿ: ತಿರುಳು ಗಾಢ ಕಿತ್ತಳೆ ಬಣ್ಣದ್ದಾಗಿ, ಮುಟ್ಟಿದರೆ ಒಣಗಿದ ಹಾಗಿದ್ದರೆ ಒಳ್ಳೆಯದು. ಹಳದಿ ಬಣ್ಣ, ಗಾಜಿನ ಹೊಳಪು, ಬೆರಳು ಜಾರುವಷ್ಟು ಒದ್ದೆ ಇದ್ದರೆ ಅದು ಸಾಂಬಾರಿಗೆ ಹೋಗಲಿ. ಬಲಿತ ಕಾಯಿಯನ್ನು ಕೊಯ್ದು ಕೆಲವು ವಾರ ಇಟ್ಟರೆ ಅದರ ಪಿಷ್ಟ ಒಂದಿಷ್ಟು ಸಕ್ಕರೆಯಾಗಿ ಸಿಹಿ ಏರುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಪಿಷ್ಟ ಇನ್ನೂ ಇಳಿದು ತಿರುಳು ನಾರು ನಾರಾಗಿ ಸಡಿಲವಾಗುತ್ತದೆ. ಬೇಸಿಗೆ ತರಕಾರಿಯ ಕಾಯಿಯನ್ನು ಅಟ್ಟದಲ್ಲಿಟ್ಟು ಅಕ್ಟೋಬರ್‌ನಲ್ಲಿ ಇಳಿಸಿದವರು ಜರಡಿಯಲ್ಲಿ ಒತ್ತಿ ನಾರು ತೆಗೆಯಲೇಬೇಕು.

ಬೇಯಿಸಲು ಅಟ್ಟಿನಳಗೆ ಅಥವಾ ಇಡ್ಲಿ ಪಾತ್ರೆ ಸಾಕು. ಸಿಪ್ಪೆ ಬೀಜ ತೆಗೆದ 400 ಗ್ರಾಂ ಹೋಳುಗಳನ್ನು ಹಬೆಯಲ್ಲಿ ಬೇಯಿಸಿ, ಮುಚ್ಚಳದ ನೀರು ಕೆಳಗೆ ತೊಟ್ಟಿಕ್ಕದ ಹಾಗೆ ಒಂದು ಬಟ್ಟೆ ಕಟ್ಟಿ. ಓವನ್ ಹೇಗೂ ಬಿಸಿ ಮಾಡುತ್ತೀರಿ ಎಂದಾದರೆ ಸಿಪ್ಪೆ ಸಮೇತ ದೊಡ್ಡ ತುಂಡುಗಳನ್ನು 200 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಸುಡುವುದು ಇನ್ನೂ ಒಳ್ಳೆಯದು, ನೀರೂ ಹೋಗುತ್ತದೆ, ಅಂಚಿನ ಸಕ್ಕರೆ ಕಂದಿ ರುಚಿಯೂ ಬರುತ್ತದೆ. ಸೌಟಿನ ಹಿಂಬದಿಯಲ್ಲಿ ಮಸೆಯಿರಿ, ಮಿಕ್ಸಿ ಬೇಕಾಗುವುದಿಲ್ಲ.

ಇನ್ನು ಮುಖ್ಯ ಕೆಲಸ. ಮಸೆದದ್ದನ್ನು ದಪ್ಪ ತಳದ ಬಾಣಲೆಗೆ ಹಾಕಿ ನಡು ಉರಿಯಲ್ಲಿ ತಿರುವುತ್ತಾ ಇರಿ. ಮೊದಲು ಪಟಪಟ ಸಿಡಿಯುತ್ತದೆ, ಕೈ ಜಾಗ್ರತೆ. ಆಮೇಲೆ ಆವಿ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಸೌಟಿನಿಂದ ನಡುವೆ ಒಂದು ಗೆರೆ ಎಳೆಯಿರಿ. ಗೆರೆಗೆ ಎರಡೂ ಬದಿಯಿಂದ ನೀರು ಒಸರಿ ಬಂದರೆ ಇನ್ನೂ ಕಾಯಬೇಕು. ಬಾಣಲೆಯ ತಳ ಕಾಣುತ್ತಾ ಗೆರೆ ಹಾಗೇ ನಿಂತರೆ ಇಳಿಸಿ. 400 ಗ್ರಾಂ ಹೋಳು ಈಗ 250 ಗ್ರಾಂ ಆಸುಪಾಸಿಗೆ ಬಂದಿರುತ್ತದೆ. ಅಡುಗೆಮನೆಯಲ್ಲಿ ಚಿಕ್ಕ ತಕ್ಕಡಿ ಇದ್ದರೆ ತೂಗಿ ನೋಡಿ, ಇಲ್ಲದಿದ್ದರೆ ಗೆರೆಯನ್ನೇ ನಂಬಿ. ಅಳತೆಯ ಕಪ್ಪಿಗೆ ಹಾಕಬೇಕಾದದ್ದು ಇದನ್ನು.

ನಮ್ಮ ಮನೆಗಳಲ್ಲಿ ನೀರು ಇನ್ನೊಂದು ದಾರಿಯಿಂದಲೂ ನುಗ್ಗುತ್ತದೆ, ಅದು ಬೆಲ್ಲ. ಅಲ್ಲಿಯವರ ಕಂದು ಸಕ್ಕರೆಯ ಬದಲು ಬೆಲ್ಲ ಹಾಕುವುದು ಒಳ್ಳೆಯದೇ, ಚೀನಿಕಾಯಿಗೆ ಅದರಷ್ಟು ಹೊಂದುವುದು ಬೇರೆ ಇಲ್ಲ. ಆದರೆ ಬೆಲ್ಲದಲ್ಲಿ ಮರಳು ಇರುತ್ತದೆ ಅಂತ ನೀರಲ್ಲಿ ಕರಗಿಸಿ ಸೋಸುತ್ತೇವೆ, ಆ ನೀರು ಸೀದಾ ಹಿಟ್ಟಿಗೆ ಹೋಗುತ್ತದೆ. ಸೋಸಿದ ಬೆಲ್ಲದ ನೀರನ್ನು ಬಾಣಲೆಯಲ್ಲಿರುವ ಚೀನಿಕಾಯಿಗೇ ಹೊಯ್ದು ಒಟ್ಟಿಗೆ ಕಾಯಿಸಿ. 160 ಗ್ರಾಂ ಬೆಲ್ಲ ಹಾಕಿದ್ದರೆ ಎರಡೂ ಸೇರಿ 400 ಗ್ರಾಂ ಚಿಲ್ಲರೆಗೆ ಬಂದಾಗ ಇಳಿಸುವುದು. ಬಿಸಿಯಿದ್ದಾಗ ಸ್ವಲ್ಪ ಸಡಿಲ ಕಾಣುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಪೂರ್ತಿ ಆರಲಿ, ಬಿಸಿಯದಕ್ಕೆ ಮೊಟ್ಟೆ ಒಡೆದರೆ ಬೆಂದುಹೋಗುತ್ತದೆ.

ಈ ಮಿಶ್ರಣಕ್ಕೆ 2 ಮೊಟ್ಟೆ, 100 ಮಿಲಿ ಎಣ್ಣೆ, 2 ದೊಡ್ಡ ಚಮಚ ಗಟ್ಟಿ ಮೊಸರು. ಬೇರೆ ಪಾತ್ರೆಯಲ್ಲಿ 220 ಗ್ರಾಂ ಮೈದಾ, ಒಂದೂವರೆ ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಮಸಾಲೆ. ಹನ್ನೆರಡು ಮಫಿನ್ ಆಗುತ್ತದೆ. ಒಣದ್ದನ್ನು ಒದ್ದೆಯದಕ್ಕೆ ಹಾಕಿ, ಬಿಳಿ ಹಿಟ್ಟು ಕಾಣದಾಗುವವರೆಗೆ ಮಡಚಿ ಮಡಚಿ ಬೆರೆಸಿ, ನಿಲ್ಲಿಸಿ. ಸಣ್ಣ ಗಂಟು ಇದ್ದರೆ ಇರಲಿ. ಹಿಟ್ಟು ಸೌಟಿನಿಂದ ಸುರಿಯಬಾರದು, ಮುದ್ದೆ ಮುದ್ದೆಯಾಗಿ ಬೀಳಬೇಕು. ತೆಂಗಿನೆಣ್ಣೆ ಹಾಕುವವರು ಗಮನಿಸಿ: ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ಮೊಟ್ಟೆಯನ್ನೋ ಮೊಸರನ್ನೋ ಸೇರಿಸಿದರೆ ಬಿಳಿ ಹರಳುಗಳಾಗಿ ಕೂರುತ್ತದೆ. ಎಲ್ಲವೂ ಹೊರಗಿನ ಬಿಸಿಗೆ ಬಂದಿರಲಿ.

ಮಸಾಲೆಯ ಬಗ್ಗೆ ಸ್ವಲ್ಪ ಹೇಳದೆ ಬಿಡಲಾರೆ. ಅಮೆರಿಕದಲ್ಲಿ ಮೆಕ್‌ಕಾರ್ಮಿಕ್ ಕಂಪನಿ 1934ರಲ್ಲಿ ಪಂಪ್‌ಕಿನ್ ಪೈ ಸ್ಪೈಸ್ ಅಂತ ಡಬ್ಬಿ ಮಾಡಿ ಮಾರಲು ಶುರು ಮಾಡಿತು, 2003ರಲ್ಲಿ ಸ್ಟಾರ್‌ಬಕ್ಸ್ ಅದೇ ಪರಿಮಳವನ್ನು ಕಾಫಿಗೂ ತಂದಿತು, ಅಲ್ಲಿಂದ ಅದು ಜಗತ್ತಿಡೀ ಹಬ್ಬಿತು. ಡಬ್ಬಿಯಲ್ಲಿರುವುದು ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ, ಲವಂಗ ಇಂಥವೇ, ಜೊತೆಗೆ ಕೆಲವೊಮ್ಮೆ ಆಲ್‌ಸ್ಪೈಸ್. ಅಡಿಕೆ ತೋಟದ ನಡುವೆ ಜಾಯಿಕಾಯಿ ಮರ ಇರುವ ಊರಿನವರು ಇದನ್ನು ದುಡ್ಡು ಕೊಟ್ಟು ತರಿಸುವುದು ನೋಡಿದರೆ ನಗು ಬರುತ್ತದೆ. ನಮ್ಮಿಂದ ತೆಂಕಕ್ಕೆ ತಲಶ್ಶೇರಿಯಲ್ಲಿ ಬೇಕರಿಯ ಮಂಬಳ್ಳಿ ಬಾಪು 1883ರಲ್ಲಿ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟದ್ದು ಅಂಜರಕಂಡಿಯ ದಾಲ್ಚಿನ್ನಿ ತೋಟದ ಧಣಿಗೆ, ಅಂತ ಆ ಕಡೆಯವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಮೇಲಿನ ಅಳತೆಗೆ 2 ಚಿಕ್ಕ ಚಮಚ ದಾಲ್ಚಿನ್ನಿ ಪುಡಿ, 1 ಚಮಚ ಒಣಶುಂಠಿ ಪುಡಿ, ಕಾಲು ಚಮಚ ಆಗಲೇ ತುರಿದ ಜಾಯಿಕಾಯಿ, ಎರಡು ಲವಂಗ ಕುಟ್ಟಿದ್ದು. ಜಾಯಿಕಾಯಿ ಇದಕ್ಕಿಂತ ಜಾಸ್ತಿ ಆದರೆ ಕಹಿ. ದಾಲ್ಚಿನ್ನಿಯಲ್ಲಿ ಎರಡು ಬಗೆ. ದಪ್ಪ ತೊಗಟೆಯ ಒರಟು ಚಕ್ಕೆ ಕ್ಯಾಸಿಯಾ, ಖಾರ ಜಾಸ್ತಿ, ಅಮೆರಿಕದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದೂ ಅದೇ. ಕಾಗದದಷ್ಟು ತೆಳು ಪದರಗಳು ಸುರುಳಿ ಸುತ್ತಿಕೊಂಡದ್ದು ಸಿಲೋನ್ ದಾಲ್ಚಿನ್ನಿ, ಮೆದು. ಅವರ ಅಳತೆಗೆ ನಿಮ್ಮ ಮಫಿನ್‌ನಲ್ಲಿ ಪರಿಮಳ ಸಾಲದು ಅನ್ನಿಸಿದರೆ ಮನೆಯಲ್ಲಿರುವುದು ಯಾವುದು ಅಂತ ನೋಡಿ. ನಾನಾದರೆ ಎರಡು ಏಲಕ್ಕಿಯನ್ನೂ ಸೇರಿಸುತ್ತೇನೆ, ಬೆಲ್ಲ ಇದ್ದಲ್ಲಿ ಏಲಕ್ಕಿ ಇಲ್ಲದಿದ್ದರೆ ಏನೋ ಮರೆತ ಹಾಗಾಗುತ್ತದೆ.

ಓವನ್ 190 ಡಿಗ್ರಿಗೆ ಮೊದಲೇ ಪೂರ್ತಿ ಬಿಸಿಯಾಗಿರಬೇಕು, 20ರಿಂದ 22 ನಿಮಿಷ ಸಾಕು. ಕಡ್ಡಿ ಚುಚ್ಚಿದರೆ ಒಂದೆರಡು ಒಣ ಪುಡಿ ಹತ್ತಬಹುದು, ಹಸಿ ಹಿಟ್ಟು ಹತ್ತಬಾರದು. ತುಲಾ ತಿಂಗಳ ಗುಡುಗು ಮಳೆಯ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಬೇಡಿ, ಬೆಳಿಗ್ಗೆಯೇ ಮುಗಿಸಿ. ಮೊದಲ ಹನ್ನೆರಡು ನಿಮಿಷದೊಳಗೆ ಕರೆಂಟು ಹೋದರೆ ಗೋಡೆ ಕಟ್ಟುವ ಮೊದಲೇ ಗುಳ್ಳೆಗಳು ಕುಸಿದು ಅಡಿಯಲ್ಲಿ ಒದ್ದೆ ಪದರ ನಿಲ್ಲುತ್ತದೆ. ಹದಿನೈದು ನಿಮಿಷ ದಾಟಿದ್ದರೆ ಬಾಗಿಲು ತೆರೆಯದೆ ಬಿಟ್ಟುಬಿಡಿ, ಉಳಿದ ಕಾವಿನಲ್ಲಿ ಬೇಯುವ ಸಾಧ್ಯತೆ ಇದೆ. ಮಳೆಗಾಲ ಪೂರ್ತಿ ತೆರೆದಿಟ್ಟ ಬೇಕಿಂಗ್ ಪೌಡರ್ ಕೂಡ ಇಂಥದ್ದೇ ಪದರ ಕೊಡುತ್ತದೆ. ಒಂದು ಚಮಚ ಪುಡಿಗೆ ಬಿಸಿನೀರು ಹಾಕಿ, ಬುಸುಬುಸು ನೊರೆ ಬರದಿದ್ದರೆ ಎಸೆಯಿರಿ.

ನೀವು ಮುರಿದು ನೋಡುವುದು ಯಾವಾಗ ಅಂತ ಬರೆದಿಲ್ಲ. ಬಿಸಿ ಬಿಸಿಯಾಗಿರುವಾಗಲೇ ಮುರಿದರೆ ಸರಿಯಾಗಿ ಬೆಂದ ಮಫಿನ್ ಕೂಡ ಅಂಟೇ. ಆರುತ್ತಾ ಬಂದ ಹಾಗೆ ಒಳಗಿನ ಪಿಷ್ಟ ಗಟ್ಟಿಯಾಗುತ್ತದೆ, ಅರ್ಧ ಗಂಟೆ ಕೊಡಿ. ಹಾಗಂತ ಅಚ್ಚಿನಲ್ಲೇ ಬಿಡಬೇಡಿ, ಐದು ನಿಮಿಷಕ್ಕೆ ತೆಗೆದು ಗಾಳಿ ಆಡುವ ಕಡೆ ಇಡಿ, ಇಲ್ಲದಿದ್ದರೆ ತನ್ನದೇ ಆವಿಯಲ್ಲಿ ಅಡಿ ನೆನೆಯುತ್ತದೆ.

ಮೊಟ್ಟೆ ತಿನ್ನದ ಮನೆಯವರು ಎರಡು ಮೊಟ್ಟೆಯ ಬದಲು 100 ಗ್ರಾಂ ಮೊಸರು ಹಾಕಬಹುದು, ಆದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು. ಮೊಟ್ಟೆ ಹಾಕಿದಷ್ಟು ಎತ್ತರ ಬರುವುದಿಲ್ಲ, ರುಚಿಗೆ ಕೊರತೆ ಇಲ್ಲ. ಬಾಣಲೆಯಲ್ಲಿ ಚೀನಿಕಾಯಿಯನ್ನು ಇನ್ನೊಂದಿಷ್ಟು ಹೊತ್ತು ಜಾಸ್ತಿ ತಿರುವಿದರೆ ಒಳ್ಳೆಯದು.

ಇಡೀ ಕಾಯಿ ಕೊಯ್ದು ಜಾಸ್ತಿ ಉಳಿದರೆ ಕಾಯಿಸಿದ ತಿರುಳನ್ನು 250 ಗ್ರಾಂ ಲೆಕ್ಕದಲ್ಲಿ ಕಟ್ಟಿ ಫ್ರೀಜರಿನಲ್ಲಿಡಬಹುದು. ಕರಗಿಸಿದಾಗ ಅಡಿಯಲ್ಲಿ ಮತ್ತೆ ನೀರು ನಿಂತಿರುತ್ತದೆ. ಅದನ್ನು ಬಗ್ಗಿಸಿ ಚೆಲ್ಲಿ, ತಿರುಳನ್ನು ಎರಡು ನಿಮಿಷ ಬಾಣಲೆಗೆ ಹಾಕಿ, ಗೆರೆ ಎಳೆದು ನೋಡಿ ಆಮೇಲೆ ಬಳಸಿ.