ಒಣಗಿದ ಲೇಪ ಮುಖಕ್ಕೆ ಹಗೆ

ಮುಲ್ತಾನಿ ಮಿಟ್ಟಿಯನ್ನೋ ಕಡಲೆಹಿಟ್ಟನ್ನೋ ಕಲಸಿ ಮುಖಕ್ಕೆ ಬಳಿದುಕೊಂಡು, ಅದು ಪೂರ್ತಿ ಒಣಗಿ ಬಿರುಕು ಬಿಡುವವರೆಗೆ ಕಾಯುವುದು ಈಗ ಮನೆಮನೆಯ ರೂಢಿ. ಚರ್ಮ ಬಿಗಿದಷ್ಟೂ ಲೇಪ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ಬೇರೆ. ಇದಕ್ಕೆ ಆಯುರ್ವೇದದ ಹೆಸರನ್ನೂ ಹಚ್ಚುತ್ತೇವೆ. ಆದರೆ ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನ, 22ನೇ ಅಧ್ಯಾಯ ತೆರೆದು ನೋಡಿದರೆ ಅಲ್ಲಿರುವುದು ಇದಕ್ಕೆ ತದ್ವಿರುದ್ಧ. ಮುಖಲೇಪ ಹಸಿಯಾಗಿರುವಷ್ಟು ಹೊತ್ತು ಮಾತ್ರ ಮುಖದ ಮೇಲಿರಬೇಕು, ಒಣಗಿದರೆ ಕಾಂತಿ ಕೆಡಿಸುತ್ತದೆ. ತೆಗೆಯುವ ಮೊದಲು ನೆನೆಸಬೇಕು, ತೆಗೆದ ಮೇಲೆ ಎಣ್ಣೆ ಸವರಬೇಕು.

ಅದೇ ಅಧ್ಯಾಯ ಲೇಪದ ದಪ್ಪವನ್ನೂ ಹೇಳುತ್ತದೆ: ಕಾಲು ಅಂಗುಲ, ಅಂಗುಲದ ಮೂರನೇ ಒಂದು ಭಾಗ, ಅರ್ಧ ಅಂಗುಲ. ಅಂಗುಲವೆಂದರೆ ಸುಮಾರು 2 ಸೆಂಟಿಮೀಟರಿಗೆ ತುಸು ಕಡಿಮೆ. ಹಾಗಾಗಿ ಕಾಲು ಅಂಗುಲವೆಂದರೂ 5 ಮಿಲಿಮೀಟರ್ ಹತ್ತಿರ ಬಂತು. ನಾವು ಬೆರಳಲ್ಲಿ ಎಳೆದು ಬಿಡುವ ಪದರ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಫ್ಯಾನಿನ ಕೆಳಗೆ ಕೂತರೆ ಹತ್ತೇ ನಿಮಿಷದಲ್ಲಿ ಒಣಗುತ್ತದೆ. ದಪ್ಪ ಲೇಪ ತನ್ನ ನೀರನ್ನು ತಾನೇ ಹಿಡಿದುಕೊಂಡು ಚರ್ಮವನ್ನು ತೇವವಾಗಿಡುತ್ತದೆ. ತೆಳು ಲೇಪದಲ್ಲಿ ನೀರು ಆರಿ ಹೋಗುತ್ತದೆ, ಮಣ್ಣು ಕುಗ್ಗುತ್ತದೆ, ಕುಗ್ಗುವಾಗ ಚರ್ಮದ ಹೊರಪದರವನ್ನು ಎಳೆಯುತ್ತದೆ. ಆಮೇಲೆ ಅದನ್ನು ಉಜ್ಜಿ ಕೀಳುತ್ತೇವೆ. ಹೊರಪದರ ಹೀಗೆ ಗಾಸಿಗೊಂಡಾಗ ಒಳಗಿನ ತೇವ ಬೇಗ ಆವಿಯಾಗುತ್ತದೆ, ಹೊರಗಿನ ಖಾರ-ಹುಳಿಗಳು ಸುಲಭವಾಗಿ ಒಳಗಿಳಿಯುತ್ತವೆ.

ಬಿಳಿ ತೊಗಲಿನವರಿಗಾದರೆ ಇದು ಎರಡು ದಿನದ ಕೆಂಪಿನಲ್ಲಿ ಮುಗಿಯಬಹುದು. ನಮ್ಮ ಮೈಬಣ್ಣದ ವಿಷಯ ಹಾಗಲ್ಲ. ಕಂದು ಚರ್ಮದಲ್ಲಿ ಉರಿ ಎಲ್ಲೇ ಎದ್ದರೂ, ಮೊಡವೆಯಿಂದಾಗಲಿ, ಉಗುರಿನಿಂದಾಗಲಿ, ಉಜ್ಜಿದ್ದರಿಂದಾಗಲಿ, ಅದು ಆರಿದ ಮೇಲೆ ಕಪ್ಪು ಕಲೆ ಉಳಿಸಿ ಹೋಗುತ್ತದೆ. ಆ ಕಲೆ ತಿಳಿಯಾಗಲು ತಿಂಗಳುಗಳೇ ಬೇಕು. ಕಲೆ ತೆಗೆಯಲು ಹಚ್ಚಿದ ಮದ್ದೇ ಹೊಸ ಕಲೆಗೆ ಕಾರಣವಾಗುವುದು ಹೀಗೆ. ಮನೆಮದ್ದನ್ನು ಆರಿಸುವಾಗ ‘ಇದು ಎಷ್ಟು ಚುರುಕು’ ಎಂದು ನೋಡುವುದಕ್ಕಿಂತ ‘ಇದು ಉರಿಸುತ್ತದೆಯೇ’ ಎಂದು ನೋಡುವುದು ಮುಖ್ಯ.

ಮೊದಲು ಮೊಡವೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ, ಸಣ್ಣಪುಟ್ಟ ರೋಗಗಳ 13ನೇ ಅಧ್ಯಾಯದಲ್ಲಿ, ಇದಕ್ಕೆ ಮುಖದೂಷಿಕಾ ಎಂಬ ಹೆಸರಿದೆ. ಯೌವನದಲ್ಲಿ ಮುಖದ ಮೇಲೆ ಕಫ, ವಾತ ಮತ್ತು ರಕ್ತದ ದೋಷದಿಂದ ಏಳುವ, ಬೂರುಗದ ಮರದ ಮುಳ್ಳಿನಂಥ ಗುಳ್ಳೆಗಳು ಎಂಬುದು ಅಲ್ಲಿನ ವರ್ಣನೆ. ಬೂರುಗದ ಕಾಂಡ ನೋಡಿದವರಿಗೆ ಈ ಮಾತಿನ ಕರಾರುವಾಕ್ಕು ಗೊತ್ತಾಗುತ್ತದೆ: ಆ ಮುಳ್ಳು ಗುಲಾಬಿಯ ಮುಳ್ಳಿನ ಹಾಗೆ ಬಾಗಿಲ್ಲ, ಅಗಲ ಬುಡದಿಂದ ಮೇಲೆದ್ದ ಗಟ್ಟಿ ಶಂಕು. ಇವತ್ತಿನ ಚರ್ಮವಿಜ್ಞಾನ ಹೇಳುವುದು ಇಷ್ಟು: ಹದಿಹರೆಯದಲ್ಲಿ ಆಂಡ್ರೊಜೆನ್ ಹಾರ್ಮೋನುಗಳ ಪ್ರಭಾವದಿಂದ ಜಿಡ್ಡಿನ ಗ್ರಂಥಿಗಳು ಹೆಚ್ಚು ಕೆಲಸ ಮಾಡುತ್ತವೆ, ರೋಮರಂಧ್ರದ ಬಾಯಲ್ಲಿ ಸತ್ತ ಕೋಶಗಳು ಜಿಡ್ಡಿನ ಜೊತೆ ಸೇರಿ ಬಿರಡೆಯಂತೆ ಕೂರುತ್ತವೆ, ಒಳಗೆ ಕ್ಯೂಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಉರಿಯೂತ ಏಳುತ್ತದೆ. ಎರಡು ಭಾಷೆಗಳನ್ನು ಪದಕ್ಕೆ ಪದ ತಾಳೆ ಹಾಕಲು ಹೋಗಬೇಕಿಲ್ಲ. ಚಿಕಿತ್ಸೆಯ ದಿಕ್ಕು ಮಾತ್ರ ಎರಡರಲ್ಲೂ ಒಂದೇ: ಜಿಡ್ಡು ತಗ್ಗಬೇಕು, ಉರಿ ತಣಿಯಬೇಕು.

ಮೊಡವೆಗೆ ಆಯುರ್ವೇದದ ಇನ್ನೊಂದು ಗ್ರಂಥ ಶಾರ್ಙ್ಗಧರ ಸಂಹಿತೆ ಹೇಳುವ ಲೇಪದಲ್ಲಿರುವುದು ಮೂರೇ ವಸ್ತು: ಲೋಧ್ರದ ತೊಗಟೆ, ಕೊತ್ತಂಬರಿ ಬೀಜ, ಬಜೆ. ಮೂರೂ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತವೆ. ಲೋಧ್ರ ಒಗರು, ಅದರ ಟ್ಯಾನಿನ್ ಅಂಶ ಜಿಡ್ಡನ್ನೂ ಕೀವಿನ ಒಸರನ್ನೂ ಹಿಡಿತಕ್ಕೆ ತರುತ್ತದೆ. ಕೊತ್ತಂಬರಿ ತಂಪು. ಬಜೆ ತೀಕ್ಷ್ಣ, ಎಡವಟ್ಟಾಗುವುದು ಇದರಿಂದಲೇ. ಮೂರನ್ನೂ ಸಮಪ್ರಮಾಣದಲ್ಲಿ ಸೇರಿಸುವುದು ವಾಡಿಕೆಯಾದರೂ ಸೂಕ್ಷ್ಮ ಚರ್ಮಕ್ಕೆ ಅದು ಉರಿಯುತ್ತದೆ. 2 ಚಮಚ ಲೋಧ್ರಕ್ಕೆ 2 ಚಮಚ ಕೊತ್ತಂಬರಿ ಪುಡಿ, ಅರ್ಧ ಚಮಚ ಬಜೆ ಸಾಕು. ಅಡುಗೆಯ ಧನಿಯಾ ಪುಡಿ ಬೇಡ, ಅದು ಹುರಿದದ್ದು ಮತ್ತು ತರಿ. ಹಸಿ ಬೀಜವನ್ನೇ ಪುಡಿ ಮಾಡಿಕೊಳ್ಳಿ.

ಪುಡಿಯ ನಯವೇ ಅರ್ಧ ಮದ್ದು. ಮಿಕ್ಸಿಯಿಂದ ಬಂದದ್ದನ್ನು ಹಾಗೇ ಹಚ್ಚಿದರೆ ತೊಗಟೆಯ ನಾರು, ಬೀಜದ ಸಿಪ್ಪೆ ಮೊಡವೆಯ ತುದಿಯನ್ನು ಗೀರುತ್ತವೆ, ಕೀವು ಪಕ್ಕಕ್ಕೆ ಹರಡುತ್ತದೆ. ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಿ, ಬೆರಳುಗಳ ನಡುವೆ ತಿಕ್ಕಿದರೆ ಮುಖಕ್ಕೆ ಹಚ್ಚುವ ಪೌಡರಿನಂತಿರಬೇಕು. ಇದಕ್ಕೆ 4–5 ಚಮಚ ನೀರು ಸೇರಿಸಿ, ಹತ್ತು ನಿಮಿಷ ನೆನೆಯಲು ಬಿಡಿ. ತೊಗಟೆಯ ಪುಡಿ ನೀರು ಕುಡಿದು ಗಟ್ಟಿಯಾಗುತ್ತದೆ, ಆಗ ಇನ್ನೊಂದು ಚಮಚ ನೀರು ಬೇಕಾಗಬಹುದು. ಚಮಚ ಓರೆ ಮಾಡಿದರೆ ಜಾರದೆ ನಿಧಾನ ಇಳಿಯುವ ಹದ. ಇಷ್ಟು ಲೇಪ ಎರಡು ಕೆನ್ನೆ ಮತ್ತು ಗಲ್ಲಕ್ಕೆ 2 ಮಿಲಿಮೀಟರ್ ದಪ್ಪಕ್ಕೆ ಬರುತ್ತದೆ. ಗ್ರಂಥದ ದಪ್ಪ ಬೇಕೆಂದರೆ ಬಟ್ಟಲುಗಟ್ಟಲೆ ಬೇಕು. ಅದರ ಬದಲು ಅಂಚು ಬಿಳಿಚಿದ ಕೂಡಲೇ ಪನ್ನೀರಿನಲ್ಲೋ ತಣ್ಣೀರಿನಲ್ಲೋ ಅದ್ದಿದ ತೆಳು ಬಟ್ಟೆ ಹೊದಿಸಿ.

ಹದಿನೈದು ನಿಮಿಷ ಸಾಕು. ವಾರಕ್ಕೆ ಎರಡು ಸಲ, ಬೇಕಾದರೆ ಮೂರು ಸಲ. ಲೇಪ ಹಚ್ಚಿದಾಗ ಮಾತಾಡಬೇಡಿ, ಒಲೆಯ ಮುಂದೆ ನಿಲ್ಲಬೇಡಿ, ಬಿಸಿಲಿಗೆ ಹೋಗಬೇಡಿ, ಮಲಗಬೇಡಿ ಎನ್ನುತ್ತಾನೆ ವಾಗ್ಭಟ; ಸಿಟ್ಟು ಮಾಡಬೇಡಿ, ದುಃಖಪಡಬೇಡಿ ಎಂದೂ ಸೇರಿಸುತ್ತಾನೆ. ಕೊನೆಯ ಎರಡು ನಮ್ಮ ಕೈಯಲ್ಲಿರುವಂಥವಲ್ಲ, ಉಳಿದವೆಲ್ಲ ಲೇಪವನ್ನು ಬೇಗ ಒಣಗಿಸುವ ಅಥವಾ ಬಿರಿಸುವ ಕೆಲಸಗಳು. ನೆಗಡಿ, ಅಜೀರ್ಣ, ರಾತ್ರಿ ನಿದ್ದೆಗೆಟ್ಟ ದಿನ ಲೇಪವೇ ಬೇಡ ಎಂದೂ ಇದೆ. ಸುಶ್ರುತನ ಇನ್ನೆರಡು ನಿಯಮಗಳು ಫ್ರಿಜ್ ಇರುವ ಕಾಲಕ್ಕೆ ಇನ್ನೂ ಬೇಕು: ಹಿಂದಿನ ದಿನ ಕಲಸಿದ ಲೇಪ ಬಳಸಬಾರದು, ಹಚ್ಚಿದ ಲೇಪದ ಮೇಲೆ ಮತ್ತೊಂದು ಪದರ ಹಚ್ಚಬಾರದು. ನೀರು ತಾಗಿದ ಗಿಡಮೂಲಿಕೆ ಪುಡಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲು ಹೆಚ್ಚು ಹೊತ್ತು ಬೇಡ. ಅದನ್ನು ಬಾಯಿ ತೆರೆದ ಮೊಡವೆಗೆ ಹಚ್ಚಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಯಾವುದೇ ಹೊಸ ಲೇಪವನ್ನು ಮೊದಲು ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಗಲ ಹಚ್ಚಿ, ತೊಳೆದು, 48 ಗಂಟೆ ಕಾದು ನೋಡಬೇಕು. ಅಲರ್ಜಿ ತಕ್ಷಣ ಕಾಣಿಸಿಕೊಳ್ಳಬೇಕೆಂದಿಲ್ಲ, ಎರಡನೇ ದಿನ ತುರಿಸಲು ಶುರುವಾಗುವುದೂ ಉಂಟು.

ಇನ್ನು ಅಡುಗೆಮನೆಯಿಂದ ನೇರ ಮುಖಕ್ಕೆ ಹೋಗುವ ವಸ್ತುಗಳು. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಹುಳಿ, ಹುಳಿ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 5ರ ಆಸುಪಾಸು. ನಿಂಬೆರಸದ ಪಿಎಚ್ 2ರ ಹತ್ತಿರ, ಅಡುಗೆ ಸೋಡಾದ್ದು 8 ದಾಟುತ್ತದೆ. ಎರಡೂ ಅತಿ. ನಿಂಬೆಯಲ್ಲಿ ಇನ್ನೊಂದು ಅಪಾಯವಿದೆ: ಅದರಲ್ಲಿರುವ ಫ್ಯೂರೊಕೂಮರಿನ್ ಎಂಬ ರಾಸಾಯನಿಕಗಳು ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಚರ್ಮವನ್ನು ಸುಟ್ಟಂತೆ ಮಾಡಿ ಗಾಢ ಕಂದು ಪಟ್ಟೆ ಉಳಿಸುತ್ತವೆ. ಮುಖ ಬೆಳ್ಳಗಾಗಲೆಂದು ನಿಂಬೆ ಹಚ್ಚಿ ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋದವರು ಕಪ್ಪು ಪಟ್ಟೆ ಹೊತ್ತು ಬರುವುದು ಇದರಿಂದ.

ಲೋಳೆಸರ ಒಳ್ಳೆಯದೇ, ಆದರೆ ಸಿಪ್ಪೆಯ ಕೆಳಗೇ ಇರುವ ಹಳದಿ ಹಾಲು ತುರಿಕೆ ತರುತ್ತದೆ. ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಬದಿ ಕೆಳಗಾಗುವಂತೆ ಲೋಟದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ, ಸಿಪ್ಪೆ ಸುಲಿದು, ತಿರುಳನ್ನು ನೀರಲ್ಲಿ ತೊಳೆದು ಆಮೇಲೆ ಹಚ್ಚಿ. ಅರಿಸಿನದ ಪುಡಿಯಲ್ಲಿ ಬಣ್ಣದ ಕಲಬೆರಕೆ ಹಳೆಯ ರೋಗ, ಮೆಟಾನಿಲ್ ಯೆಲ್ಲೊ ಮತ್ತು ಸೀಸದ ಕ್ರೋಮೇಟ್ ಎರಡೂ ಸಿಕ್ಕಿಬಿದ್ದಿವೆ. ಹೊಳಪಿಗಾಗಿ ಬಣ್ಣ ಬಳಿಯದ ಕೊಂಬನ್ನು ಸಾಣೆಕಲ್ಲಿನ ಮೇಲೆ ತೇಯ್ದುಕೊಂಡರೆ ಆ ಚಿಂತೆ ಕಡಿಮೆ. ಕಸ್ತೂರಿ ಅರಿಸಿನವೆಂದು ಕಡುಹಳದಿ ಪುಡಿ ಕೊಟ್ಟರೆ ಅನುಮಾನಿಸಿ. ನಿಜವಾದ ಕಸ್ತೂರಿ ಅರಿಸಿನ ಒಳಗೆ ಪೇಲವ ಕೆನೆಬಣ್ಣ, ಕರ್ಪೂರದ ವಾಸನೆ, ಚರ್ಮಕ್ಕೆ ಹಳದಿ ಅಂಟಿಸುವುದೂ ಕಡಿಮೆ.

ಬಂಗು ಬೇರೆಯೇ ಕಥೆ. ಕೆನ್ನೆಯ ಮೂಳೆ, ಹಣೆ, ಮೇಲ್ದುಟಿಯ ಮೇಲೆ ಕಂದು ಛಾಯೆ ಹರಡುವ ಇದನ್ನು ಸುಶ್ರುತ ವ್ಯಂಗ ಎನ್ನುತ್ತಾನೆ: ಸಿಟ್ಟು, ಶ್ರಮಗಳಿಂದ ಕೆರಳಿದ ವಾತ ಪಿತ್ತದೊಡನೆ ಸೇರಿ ಮುಖದಲ್ಲಿ ಉಂಟುಮಾಡುವ ನೋವಿಲ್ಲದ, ತೆಳುವಾದ, ಕಪ್ಪು ಛಾಯೆಯ ಮಂಡಲ. ಇಲ್ಲಿ ಕಫದ ಮಾತೇ ಇಲ್ಲ. ಹಾಗಾಗಿ ಮೊಡವೆಯ ಖಾರದ ಲೇಪ ಇಲ್ಲಿ ತಪ್ಪು ಮದ್ದು. ಬಂಗಿನ ಮುಖವನ್ನು ಬಜೆ ಹಚ್ಚಿ ಉರಿಸಿದರೆ ಕಪ್ಪು ಇನ್ನೂ ಹರಡುತ್ತದೆ. ಶಾರ್ಙ್ಗಧರ ಇದಕ್ಕೆ ಹೇಳುವುದು ರಕ್ತಚಂದನ, ಮಂಜಿಷ್ಠ, ಲೋಧ್ರ, ಕೋಷ್ಠ, ಪ್ರಿಯಂಗು, ಆಲದ ಚಿಗುರು, ಚನ್ನಂಗಿ ಬೇಳೆ. ಮನೆಯಲ್ಲಿ ಸುಲಭವಾಗಿ ಆಗುವುದು ಇವುಗಳಲ್ಲಿ ಮೂರು: 2 ಚಮಚ ಚನ್ನಂಗಿ ಬೇಳೆಯ ನಯವಾದ ಹಿಟ್ಟು, 1 ಚಮಚ ಮಂಜಿಷ್ಠ ಬೇರಿನ ಪುಡಿ, ರಕ್ತಚಂದನದ ಚಕ್ಕೆಯನ್ನು ಹಾಲಿನಲ್ಲಿ ತೇಯ್ದ ಗಂಧ 1 ಚಮಚ. ಕಾಯಿಸಿ ಆರಿಸಿದ ಹಾಲಿನಲ್ಲೇ ಕಲಸಬೇಕು, ಒಣ ಚರ್ಮದವರು ಕಾಲು ಚಮಚ ತುಪ್ಪ ಸೇರಿಸಬಹುದು.

ಚನ್ನಂಗಿ ಬೇಳೆಯನ್ನು ತುಪ್ಪ, ಹಾಲಿನೊಂದಿಗೆ ಅರೆದು ಹಚ್ಚಿದರೆ ಏಳು ರಾತ್ರಿಯಲ್ಲಿ ಮುಖ ತಾವರೆಯ ದಳದಂತಾಗುತ್ತದೆ, ಇದು ಸತ್ಯ ಎನ್ನುವ ಹಳೆಯ ಶ್ಲೋಕವೊಂದಿದೆ. ‘ಸತ್ಯ’ ಎಂದು ಒತ್ತಿ ಹೇಳಬೇಕಾದ ಒತ್ತಡ ಜಾಹೀರಾತಿನವರಿಗೆ ಆಗಲೂ ಇತ್ತೇನೋ! ಹೊರಚರ್ಮ ಒಮ್ಮೆ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಕಲೆಯ ವಿಷಯದಲ್ಲಿ ಎಂಟರಿಂದ ಹನ್ನೆರಡು ವಾರಕ್ಕೆ ಮೊದಲು ತೀರ್ಮಾನಕ್ಕೆ ಬರಬಾರದು. ಅದೂ ಬಿಸಿಲಿಗೆ ಅಡ್ಡಿಯಿದ್ದರೆ ಮಾತ್ರ. ಬಸುರಿನಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವಾಗ ಬಂಗು ಏಳುವುದು ಹಾರ್ಮೋನಿನಿಂದಾದರೂ ಅದನ್ನು ಗಾಢವಾಗಿಸುವುದು ಬೆಳಕು. ಕಣ್ಣಿಗೆ ಕಾಣುವ ಬೆಳಕಿಗೂ ಆ ಶಕ್ತಿಯಿದೆ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನನ್ನು ತೋರುಬೆರಳು, ನಡುಬೆರಳಿನುದ್ದಕ್ಕೆ ಎರಡು ಗೆರೆ ಹಿಂಡಿ ಮುಖ, ಕತ್ತಿಗೆ ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಇದನ್ನು ಆಯುರ್ವೇದದ ಹೊರಗಿನದೆಂದು ಬಿಟ್ಟರೆ ಮಂಜಿಷ್ಠ ತೇಯ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಕುಂಕುಮಾದಿ ತೈಲದ ಜಾಗವೂ ಇಲ್ಲೇ, ಮೊಡವೆಯಲ್ಲಿ ಅಲ್ಲ. ಎಳ್ಳೆಣ್ಣೆಯಲ್ಲಿ ಕೇಸರಿ, ಚಂದನ, ಮಂಜಿಷ್ಠ, ಅತಿಮಧುರ, ಅರಗು ಮುಂತಾದವನ್ನು ಮೇಕೆ ಹಾಲಿನೊಂದಿಗೆ ಕಾಯಿಸಿ ಮಾಡುವ ಎಣ್ಣೆಯಿದು. ಅತಿಮಧುರದ ಗ್ಲಾಬ್ರಿಡಿನ್ ಎಂಬ ಅಂಶ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಟೈರೊಸಿನೇಸ್ ಕಿಣ್ವವನ್ನು ತಡೆಯುತ್ತದೆ, ಅಷ್ಟರಮಟ್ಟಿಗೆ ಹಳಬರ ಆಯ್ಕೆಗೆ ಆಧಾರವಿದೆ. ರಾತ್ರಿ ಮುಖ ತೊಳೆದು ತೇವವಿರುವಾಗಲೇ 3–4 ಹನಿ ಸವರಿ, ಅರ್ಧ ಗಂಟೆ ಬಿಟ್ಟು ಹೆಚ್ಚಿನದನ್ನು ಬಟ್ಟೆಯಿಂದ ಒತ್ತಿ ತೆಗೆದರಾಯಿತು. ಜಿಡ್ಡು ಮುಖದವರು, ಮೊಡವೆಯಿರುವವರು ಹಚ್ಚಿದರೆ ರಂಧ್ರಗಳು ಕಟ್ಟಿ ಎರಡು ಮೂರು ವಾರದಲ್ಲಿ ಹಣೆ ತುಂಬ ಸಣ್ಣ ಗುಳ್ಳೆ ಏಳಬಹುದು. ಒಂದು ಗ್ರಾಂ ಕೇಸರಿಗೇ ನೂರಾರು ರೂಪಾಯಿ ಇರುವಾಗ ನೂರು ರೂಪಾಯಿಯ ಬಾಟಲಿಯಲ್ಲಿ ಎಷ್ಟು ಕೇಸರಿ ಇದ್ದೀತು ಎಂಬ ಲೆಕ್ಕವನ್ನೂ ಕೊಳ್ಳುವವರು ಹಾಕಬೇಕು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅತಿಯಾದ ಉಪ್ಪು, ಹುಳಿ, ಖಾರ, ಹಗಲು ನಿದ್ದೆ ರಕ್ತ ಕೆಡಿಸುತ್ತವೆ ಎಂದು ಆಯುರ್ವೇದ ಎಣಿಸುತ್ತದೆ. ಬೇಗ ಸಕ್ಕರೆಯಾಗುವ ಮೈದಾ, ಸಿಹಿ ತಿನಿಸು, ಕೆಲವರಲ್ಲಿ ಹಾಲು ಮತ್ತು ಜಿಮ್‌ನವರ ವೇ ಪ್ರೋಟೀನ್ ಪುಡಿ ಮೊಡವೆ ಹೆಚ್ಚಿಸುತ್ತವೆ ಎಂದು ಈಗಿನ ವೈದ್ಯರೂ ಒಪ್ಪುತ್ತಾರೆ. ಖದಿರಾರಿಷ್ಟ, ಮಹಾಮಂಜಿಷ್ಠಾದಿ ಕಷಾಯದಂಥ ಒಳಮದ್ದುಗಳನ್ನು ವೈದ್ಯರನ್ನು ಕೇಳದೆ ಕುಡಿಯುವುದು ಬೇಡ, ಬಸುರಿಯರಂತೂ ಬೇಡವೇ ಬೇಡ. ಆಳದಲ್ಲಿ ಗಂಟು ಕಟ್ಟಿ ಗುಳಿ ಬೀಳುವ ಮೊಡವೆಗೆ ಯಾವ ಲೇಪವೂ ಸಾಲದು. ಮುಟ್ಟು ತಪ್ಪುತ್ತಾ, ಗಲ್ಲದ ಮೇಲೆ ಕೂದಲು ಬರುತ್ತಾ ಮೊಡವೆಯೂ ಹೆಚ್ಚಿದರೆ ಅಂಡಾಶಯದ, ಹಾರ್ಮೋನಿನ ಪರೀಕ್ಷೆ ಬೇಕು.

ಹಚ್ಚಿದ ಮೂರೇ ದಿನಕ್ಕೆ ಮುಖ ಬೆಳಗುವ ‘ಗಿಡಮೂಲಿಕೆ’ ಕ್ರೀಮುಗಳ ವಿಷಯ ಮಾತ್ರ ಬಿಡುವಂತಿಲ್ಲ. ಯಾವ ಬೇರೂ ಅಷ್ಟು ಬೇಗ ಕೆಲಸ ಮಾಡುವುದಿಲ್ಲ, ಸ್ಟೀರಾಯ್ಡ್ ಮಾಡುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತವೆ, ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮುಖ ಕೆಂಪಾಗಿ ಉರಿಯುತ್ತದೆ, ಮತ್ತೆ ಅದೇ ಡಬ್ಬಿಗೆ ಕೈ ಹೋಗುತ್ತದೆ. ಇಂಥವರು ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ನಿಗಾದಲ್ಲಿ ಇಳಿಸಿಕೊಳ್ಳಬೇಕು. ಇನ್ನು ಕೆಲವು ಕ್ರೀಮುಗಳಲ್ಲಿ ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಬೆಳಕಿಗೆ ಬಂದ ಮೂತ್ರಪಿಂಡ ಕಾಯಿಲೆಯ ಪ್ರಕರಣಗಳ ಹಿಂದೆ ಇದ್ದದ್ದು ಮುಖ ಬೆಳ್ಳಗೆ ಮಾಡುವ ಇಂಥ ಕ್ರೀಮುಗಳೇ. ಪರವಾನಗಿ ಪಡೆದ ಆಯುರ್ವೇದ ಔಷಧದ ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ ಅಚ್ಚಾಗಿರುತ್ತವೆ. ಬರೀ ಹೂವಿನ ಚಿತ್ರ ಮತ್ತು ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಸಾಲು ಇರುವ ಡಬ್ಬಿಯನ್ನು ಅಂಗಡಿಯವನಿಗೇ ಹಿಂದಿರುಗಿಸಿ.