ಹೊಸ ಸಾಫ್ಟ್‌ವೇರ್ ಬಂದರೆ ವಾರ್ಡಿನ ಕೆಲಸ ಏನಾಗುತ್ತದೆ? ಮೊದಲೇ ಊಹಿಸುವ ಬಗೆ

ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬಂದರೆ ವಾರ್ಡಿನ ಕೆಲಸ ಹೇಗೆ ಬದಲಾಗುತ್ತದೆ ಎಂದು ಮೊದಲೇ ಊಹಿಸಿ ಬರೆಯುವುದು ಆರೋಗ್ಯ ಮಾಹಿತಿ ತಂತ್ರಜ್ಞಾನದ ಒಂದು ಪಾಠ. ಅದನ್ನು ಓದುವಾಗ ನಾವೆಲ್ಲ ಮೊದಲು ಸಾಫ್ಟ್‌ವೇರ್‌ನ ಫೀಚರ್‌ಗಳನ್ನೇ ಉರು ಹೊಡೆಯುತ್ತೇವೆ. ಅದರಿಂದ ಊಹೆ ಹುಟ್ಟುವುದಿಲ್ಲ. ಹಳೇ ಪದ್ಧತಿ ಯಾರ ಗಮನಕ್ಕೂ ಬಾರದಂತೆ ಸುಮ್ನೆ ಯಾವ ಯಾವ ಕೆಲಸ ಮಾಡಿಕೊಡುತ್ತಿತ್ತು ಎಂದು ಹುಡುಕಬೇಕು. ಹೊಸದು ಬಂದಾಗ ಪೆಟ್ಟು ಬೀಳುವುದು ಅಲ್ಲೇ.

ಅಮೆರಿಕದ ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯ ಪ್ರಕರಣವನ್ನು ಚೆನ್ನಾಗಿ ಓದಿಕೊಳ್ಳಿ. 2002ರಲ್ಲಿ ಅಲ್ಲಿ ಡಾಕ್ಟರ್‌ಗಳು ಔಷಧದ ಆರ್ಡರ್‌ಗಳನ್ನು ಕಂಪ್ಯೂಟರ್‌ನಲ್ಲೇ ಹಾಕುವ ವ್ಯವಸ್ಥೆ ಬಂತು. ತಪ್ಪುಗಳು ಕಡಿಮೆಯಾಗುತ್ತವೆ ಎಂಬ ನಿರೀಕ್ಷೆ ಇತ್ತು. ಆದರೆ ಬೇರೆ ಆಸ್ಪತ್ರೆಗಳಿಂದ ಅಲ್ಲಿಗೆ ಕಳುಹಿಸಿದ ಮಕ್ಕಳಲ್ಲಿ ಸಾವಿನ ಪ್ರಮಾಣ ಶೇ. 2.80ರಿಂದ ಶೇ. 6.57ಕ್ಕೆ ಏರಿತ್ತು ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಏನಾಗಿತ್ತು? ಮೊದಲು ಮಗು ಇನ್ನೂ ದಾರಿಯಲ್ಲಿರುವಾಗಲೇ ಆರ್ಡರ್ ಬರೆದು ಔಷಧ ಸಿದ್ಧ ಮಾಡಿಸುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು ದಾಖಲಾಗುವ ತನಕ ಆರ್ಡರ್ ಹಾಕುವಂತಿರಲಿಲ್ಲ. ಕೈಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬರೆಯುತ್ತಿದ್ದ ಒಂದು ಆರ್ಡರ್‌ಗೆ ಈಗ ಒಂದೆರಡು ನಿಮಿಷ. ಐಸಿಯುನಲ್ಲೇ ಕೈಗೆ ಸಿಗುತ್ತಿದ್ದ ಔಷಧಗಳನ್ನೂ ಅದೇ ಹೊತ್ತಿಗೆ ಮುಖ್ಯ ಫಾರ್ಮಸಿಗೆ ಸಾಗಿಸಿದ್ದರು. ಒಬ್ಬ ಡಾಕ್ಟರ್ ಮಗುವನ್ನು ಬಿಟ್ಟು ಸ್ಕ್ರೀನ್ ಮುಂದೆ ನಿಲ್ಲಬೇಕಾಯಿತು. ಇವುಗಳಲ್ಲಿ ಯಾವುದೂ ಫೀಚರ್ ಪಟ್ಟಿಯಲ್ಲಿ ಕಾಣುವಂಥದ್ದಲ್ಲ, ಅಲ್ವಾ?

ಹಾಗಂತ ಸಾಫ್ಟ್‌ವೇರೇ ಕೆಟ್ಟದ್ದು ಎಂದು ಬರೆದರೆ ಅರ್ಧ ಅಂಕವೂ ಸಿಗಬಾರದು. ಅದೇ ಸಾಫ್ಟ್‌ವೇರ್ ಬಳಸಿದ ಸಿಯಾಟಲ್ ಮಕ್ಕಳ ಆಸ್ಪತ್ರೆಯ ಐಸಿಯುನಲ್ಲಿ ಸಾವು ಹೆಚ್ಚಲಿಲ್ಲ. ಜಾಸ್ತಿ ಬಳಕೆಯಾಗುವ ಆರ್ಡರ್‌ಗಳನ್ನು ಅವರು ಮೊದಲೇ ಗುಂಪು ಮಾಡಿ ಇಟ್ಟುಕೊಂಡಿದ್ದರು. ಅಂದರೆ ಊಹಿಸಬೇಕಾದದ್ದು ಯಂತ್ರ ಮತ್ತು ಅದರ ಸುತ್ತಲಿನ ಕೆಲಸದ ಜೋಡಣೆ, ಎರಡನ್ನೂ ಒಟ್ಟಿಗೆ.

ಇನ್ನು ಅಡ್ಡದಾರಿಗಳು, ಅಂದರೆ ನಿಯಮದ ಹಂತ ತಪ್ಪಿಸಿ ಕೆಲಸ ಮುಗಿಸುವ ಉಪಾಯಗಳು. ನರ್ಸ್ ರೋಗಿಯ ಬಾರ್‌ಕೋಡ್ ಇರುವ ಕೈಪಟ್ಟಿಯನ್ನೂ ಔಷಧವನ್ನೂ ಸ್ಕ್ಯಾನ್ ಮಾಡಿ ಕೊಡಬೇಕು ಎಂಬುದು ನಿಯಮ. ಕೈಪಟ್ಟಿ ಒದ್ದೆಯಾಗಿ ಮಾಸಿರುತ್ತದೆ, ಬ್ಯಾಟರಿ ಮುಗಿದಿರುತ್ತದೆ, ಸ್ಕ್ಯಾನರ್ ಇರುವ ಗಾಡಿ ಹಾಸಿಗೆಯ ಹತ್ತಿರಕ್ಕೆ ಹೋಗುವುದಿಲ್ಲ. ಆಗ ಬಾರ್‌ಕೋಡ್‌ನ ಇನ್ನೊಂದು ಪ್ರತಿ ಬಾಗಿಲ ಚೌಕಟ್ಟಿಗೋ ಗಾಡಿಗೋ ಅಂಟಿಕೊಳ್ಳುತ್ತದೆ! ಸ್ಕ್ಯಾನ್ ಆಯಿತು ಎಂದು ದಾಖಲೆ ಹೇಳುತ್ತದೆ, ಆದರೆ ರೋಗಿ ಯಾರು ಎಂಬ ಪರೀಕ್ಷೆ ನಡೆದಿರುವುದೇ ಇಲ್ಲ. 2008ರ ಅಧ್ಯಯನವೊಂದು ಇಂಥ 15 ಬಗೆಯ ಅಡ್ಡದಾರಿಗಳನ್ನೂ ಅವುಗಳ 31 ಕಾರಣಗಳನ್ನೂ ಗುರುತಿಸಿತು. ಇದನ್ನು ನರ್ಸ್‌ಗಳ ಶಿಸ್ತಿನ ಕೊರತೆ ಎಂದು ಬರೆಯಬೇಡಿ. ಕೆಲಸ ನಿಲ್ಲಬಾರದು ಎಂದು ಅವರು ಹುಡುಕಿಕೊಂಡ ದಾರಿ ಅದು. ಸ್ಕ್ರೀನ್ ಮೇಲೆ ಬರುವ ಎಚ್ಚರಿಕೆ ಸಂದೇಶಗಳ ಕಥೆಯೂ ಇಷ್ಟೇ: ಅತಿಯಾದರೆ ಓದದೇ ಮುಚ್ಚುತ್ತಾರೆ.

ಹಾಗಾದರೆ ಊಹಿಸುವುದು ಹೇಗೆ? ಕೆಲಸ ಹೇಗೆ ನಡೆಯುತ್ತದೆ ಎಂದು ಮೇಲಧಿಕಾರಿಯನ್ನು ಕೇಳುವ ಬದಲು ಒಂದು ಪೂರ್ತಿ ಶಿಫ್ಟ್ ಪಕ್ಕದಲ್ಲಿ ನಿಂತು ನೋಡಿ, ರಾತ್ರಿಯದ್ದಾದರೆ ಇನ್ನೂ ಒಳ್ಳೆಯದು. ಚೀಟಿ ಯಾರ ಕೈಯಿಂದ ಯಾರಿಗೆ ಹೋಗುತ್ತದೆ, ಅದನ್ನು ಕೊಡುವಾಗ ಯಾವ ಮಾತು ಆಗುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಹೊಸ ವ್ಯವಸ್ಥೆಯ ಮಾದರಿಯನ್ನು ಅದೇ ಸಿಬ್ಬಂದಿಯ ಕೈಗೆ ಕೊಟ್ಟು, ಅತ್ಯಂತ ಗಡಿಬಿಡಿಯ ಹೊತ್ತನ್ನು ಅಭಿನಯಿಸಿ ನೋಡಿ. ಶಾಂತ ವಾರ್ಡಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಟೈಪ್ ಮಾಡುವ ಹೊರೆ ಯಾರಿಗೆ, ಲಾಭ ಯಾರಿಗೆ ಎಂದೂ ಕೇಳಿ. ಇಬ್ಬರೂ ಬೇರೆಯಾಗಿದ್ದರೆ ದಾಖಲೆ ಅರೆಬರೆ ಆಗುತ್ತದೆ.

ಊಹೆಯನ್ನು ಪರೀಕ್ಷಿಸಲು ಬರುವಂತೆ ಬರೆಯಬೇಕು. "ಸಮಯ ಉಳಿಯುತ್ತದೆ" ಎಂದರೆ ಯಾರೂ ತಪ್ಪೆಂದು ತೋರಿಸಲಾರರು. "ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಇರುವ ಎರಡು ಕಂಪ್ಯೂಟರ್‌ಗಳಿಗೆ ಸಾಲು ಬೀಳುತ್ತದೆ, ನರ್ಸ್‌ಗಳು ಮೊದಲು ಕಾಗದದಲ್ಲಿ ಬರೆದುಕೊಂಡು ಆಮೇಲೆ ಟೈಪ್ ಮಾಡುತ್ತಾರೆ, ಹಾಗಾಗಿ ಔಷಧ ಕೊಟ್ಟ ಸಮಯ ದಾಖಲೆಯಲ್ಲಿ ತಡವಾಗಿ ಕಾಣುತ್ತದೆ" ಎಂದು ಬರೆದರೆ, ವ್ಯವಸ್ಥೆ ಶುರುವಾದ ವಾರವೇ ವಾರ್ಡಿಗೆ ಹೋಗಿ ನೋಡಿಕೊಂಡು ಬರಬಹುದು.